ಚೋಮೇ

ಫೆಬ್ರವರಿ 3, ಸೋಮವಾರ

ಕ್ಯಾನ್ಯನ್ ಪಾರ್ಕಿನ ಲ್ಯಾಬಿನಲ್ಲಿ ಕೆಲಸ ಮುಗಿಸಿ ನೇರ ಎವರೆಟ್‌ನ ಆಸ್ಪತ್ರೆಗೆ. ಕೂಲರ್ ಬ್ಯಾಗಿನಲ್ಲಿ ಪಂಪ್ ಮಾಡಿದ ಹಾಲು. ಮಗು ಮನೆಗೆ ಬಂದ ಮೇಲೆ ಬೇಕೆಂದು ರಜೆ ಉಳಿಸಿಕೊಂಡಿದ್ದೇನೆ. ಸಿಸೇರಿಯನ್ ಹೊಲಿಗೆ ಇನ್ನೂ ಎಳೆಯುತ್ತದೆ. ತಿಂಗಳು ತುಂಬುವ ಮುಂಚೆಯೇ ಬಂದವಳು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ, ಮೂಗಿಗೆ ನಳಿಕೆ. ಹೆಸರು ಇನ್ನೂ ಇಟ್ಟಿಲ್ಲ.

ಅತ್ತೆ, ನನ್ನ ಗಂಡ ಲಿಯಾಂಗ್‌ನ ಅಮ್ಮ, ಇವತ್ತು ಹುನಾನ್‌ನಿಂದ ಬಂದರು. ಏರ್‌ಪೋರ್ಟಿನಿಂದ ನೇರ ಮಗುವಿನ ಬಳಿಗೆ. ಗಾಜಿಗೆ ಮುಖವೊತ್ತಿ, "ಚೋಮೇ!" ಎಂದರು.

ಆ ಚೀನೀ ಮಾತಿನ ಅರ್ಥ ಏನೆಂದು ಲಿಯಾಂಗ್‌ನನ್ನು ಕೇಳಿದೆ. ತಡವರಿಸಿದ.

"ನಾತದ ಹುಡುಗಿ ಅಂತ... ಮುದ್ದಿಗೆ ಕರೆಯೋದು, ಮೈತ್ರಿ."

ಜಗಳವಾಡಲೂ ತ್ರಾಣವಿಲ್ಲ.

ಫೆಬ್ರವರಿ 6

ಅಮ್ಮನಿಗೆ ಕಾಲ್ ಮಾಡಿ ದೂರಿದೆ. ಆಕೆಗೆ ನಗು.

"ನಿನ್ನ ಸೋದರಮಾವನ್ನ ಹುಟ್ಟಿದಾಗ ತಿಪ್ಪೆ ಮೇಲೆ ಉರುಳ್ಸಿ ತಿಪ್ಪ ಅಂತ ಕರೀಲಿಲ್ವೇನೇ? ಯಮನಿಗೆ ಅಸಹ್ಯ ಆಗಿ ಬಿಟ್ಟು ಹೋಗ್ಲಿ ಅಂತ. ನಿಮ್ಮತ್ತೆಗೆ ಗೊತ್ತಿದೆ, ಸುಮ್ನಿರು."

ಸುಮ್ಮನಿದ್ದೇನೆ. ಆದರೂ... ಎರಡು ಸಲ ಕಳೆದುಕೊಂಡ ಮೇಲೆ ದಕ್ಕಿದವಳು. ಒಂದು ಚೆಂದದ ಮಾತು ಬೇಡವೆ?

ಫೆಬ್ರವರಿ 15

ಇನ್‌ಫೆಕ್ಷನ್. ಮತ್ತೆ ವೆಂಟಿಲೇಟರ್. ಕೆಲಸಕ್ಕೆ ಹೋಗಿಲ್ಲ.

ಅತ್ತೆ ಗಾಜಿನ ಮುಂದೆ ಅದೇ ಹೆಸರು ಜಪಿಸುತ್ತಿದ್ದರು. ತಡೆಯಲಾಗಲಿಲ್ಲ. ಇಬ್ಬರನ್ನೂ ಕಾರಿಡಾರಿಗೆ ಕರೆದು ಲಿಯಾಂಗ್ ಮೇಲೆ ಕೂಗಾಡಿದೆ: "ಉಸಿರಾಡೋಕೂ ಆಗ್ದಿರೋ ಕೂಸನ್ನ ನಾತ ಅಂತ ಕರೀಬೇಡಿ ಅಂತ ಹೇಳು!"

ಹೇಳಿದ. ಅತ್ತೆ ಬೆಂಚಿನ ಮೇಲೆ ಕುಳಿತರು. ಬಹಳ ಹೊತ್ತು ಮಾತನಾಡಿದರು. ಲಿಯಾಂಗ್ ಅನುವಾದಿಸಿದ.

"ಅಮ್ಮನ ತವರಲ್ಲಿ ಗಂಡುಮಕ್ಕಳಿಗೆ ಮಾತ್ರ ಕೆಟ್ಟ ಹೆಸರು ಇಡ್ತಿದ್ರಂತೆ. ಅವರು ಉಳೀಬೇಕಲ್ಲ. ಅಮ್ಮನ್ನ ಲಾಯ್‌ದಿ ಅಂತಿದ್ರು — 'ತಮ್ಮ ಬರಲಿ' ಅಂತ. 'ನಾನು ಸತ್ತಿದ್ರೂ ನಡೀತಿತ್ತು, ಈ ಮಗು ಮಾತ್ರ ಉಳೀಬೇಕು, ಅದಕ್ಕೇ ಕೆಟ್ಟ ಹೆಸರು' ಅಂತಿದಾಳೆ ಅಮ್ಮ."

ಅತ್ತೆ ಫ್ಲಾಸ್ಕಿನಿಂದ ಸೂಪು ಬಗ್ಗಿಸಿ ಕೊಟ್ಟರು. ಕುಡಿದೆ. ಅವರ ಭುಜಕ್ಕೆ ಒರಗಿ ನಿದ್ದೆ ಹೋದೆನಂತೆ.

ಮಾರ್ಚ್ 9, ಭಾನುವಾರ

ನಿನ್ನೆ ಮಗು ಮನೆಗೆ ಬಂತು. ನಳಿಕೆ ಇಲ್ಲ. ತಾನೇ ಚೀಪುತ್ತಾಳೆ, ಸುಸ್ತಾಗಿ ನಿಲ್ಲಿಸುತ್ತಾಳೆ, ಮತ್ತೆ ಚೀಪುತ್ತಾಳೆ. ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆಯಿಲ್ಲ.

ಬೆಳಿಗ್ಗೆ ಅತ್ತೆ ಶುಂಠಿ ಹೆಚ್ಚುತ್ತಿದ್ದರು. ಫೋನಿನ ಅನುವಾದದ ಆ್ಯಪ್ ಹಿಡಿದು ಕೇಳಿದೆ: "ನಿಮ್ಮನ್ನ ಏನಂತ ಕರೆದಿದ್ರೆ ಇಷ್ಟ ಆಗ್ತಿತ್ತು?"

ಆ್ಯಪ್ ತಪ್ಪಿತೆಂದುಕೊಂಡು, ಮತ್ತೆ ಹೇಳುವಂತೆ ಕೈಸನ್ನೆ ಮಾಡಿದರು. ಮತ್ತೆ ಹೇಳಿದೆ. ಚಾಕು ಕೆಳಗಿಟ್ಟರು. ಹೊರಗಿನ ಕೋಣೆಯಲ್ಲಿದ್ದ ಮಗನಿಗೆ ಕೇಳಿಸೀತೇ ಎಂದು ಇಣುಕಿದರು. ನನ್ನ ಕಿವಿಯ ಬಳಿ ಬಂದು ಒಂದು ಹೆಸರು ಹೇಳಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಎಷ್ಟು ಚೆಂದದ ಹೆಸರು. ಮರೆಯುವ ಮುಂಚೆ ಬರೆದಿಡಬೇಕು. ಅದು—

ಚೋಮೇ ಎದ್ದಳು. ಹಾಲು ಕುಡಿಸಿ ಬಂದು ಬರೆಯುತ್ತೇನೆ.