ಕಂದು ನಾಯಿಯ ಲೀಶ್

ರೆಸ್ಟನ್, ೧೪ ನವೆಂಬರ್ ೧೯೯೬, ಗುರುವಾರ

ನಾಯಿಯನ್ನು ಸಾಕಿಕೊಳ್ಳುತ್ತೇವೋ ಇಲ್ಲವೋ, ನಾಳೆ ಅನಾಥ ನಾಯಿಗಳ ಶೆಲ್ಟರ್‌ನವರಿಗೆ ಹೂಂ ಅಥವಾ ಊಹೂಂ ಅನ್ನಲೇಬೇಕು. ಆ ಕಂದು ನಾಯಿ ತಲೆಯಿಂದ ಹೋಗುತ್ತಿಲ್ಲ.

ಅದಕ್ಕೆ ದಿನಾ ಬೆಳಿಗ್ಗೆ ವಾಕಿಂಗ್ ಆಗಬೇಕಂತೆ. ಸಂಧಿವಾತದ ಈ ಬೆರಳುಗಳಿಗೆ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷೇ ಭಾರ. ಅದು ಎಳೆದುಕೊಂಡು ಓಡಿದರೆ? “ನಾನಿದ್ದೀನಲ್ಲ, ನಾನೇ ವಾಕ್ ಮಾಡಿಸ್ತೀನಿ ಬಿಡು,” ಅಂದರು ಇವರು. ಒಳ್ಳೆಯ ಮಾತೇ. ಆದರೂ ಮೈಯೆಲ್ಲ ಉರಿಯಿತು.

ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು.

“ನಾಯಿ ಮುಟ್ಟಿದ ಕೈಯಲ್ಲೇ ದೇವರಿಗೆ ದೀಪ ಹಚ್ತೀಯೇನೇ?”

“ಕೈ ತೊಳ್ಕೊಂಡು ಹಚ್ತೀನಮ್ಮ.”

ಬೇಸಿಗೆಯಿಂದ ನನಗೆ ಬೆಂಕಿಕಡ್ಡಿ ಗೀರಲು ಆಗುತ್ತಿಲ್ಲ, ದೀಪವನ್ನೂ ಇವರೇ ಹಚ್ಚುತ್ತಾರೆ ಎಂಬುದು ಅಮ್ಮನಿಗೆ ಗೊತ್ತಿಲ್ಲ. ಹೇಳುವುದೂ ಇಲ್ಲ.

ಎಲ್ಲರೂ ಪ್ರೀತಿಯಿಂದಲೇ ಈ ಕೈಯಿಂದ ಏನಾದರೊಂದನ್ನು ಇಸಿದುಕೊಳ್ಳುತ್ತಾರೆ. ಮೊದಲು ಚಾಕು, ಆಮೇಲೆ ಹಾಲಿನ ಕ್ಯಾನು, ಈಗ ಕಾರಿನ ಕೀ.

ಇವತ್ತು ಶೆಲ್ಟರಿನ ಹುಡುಗಿ ಏನೂ ಕೇಳದೆ ನಾಯಿಯ ಕೊರಳಪಟ್ಟಿಗೆ ಕಟ್ಟಿದ ಲೀಶನ್ನು ನನ್ನ ಕೈಗೇ ಕೊಟ್ಟಳು. ನಾಯಿ ನನ್ನ ಊದಿದ ಗೆಣ್ಣುಗಳನ್ನು ಮೂಸಿತು, ನೆಕ್ಕಿತು, ನಾನು ಮೆಲ್ಲಗೆ ನಡೆದಷ್ಟೇ ನಡೆಯಿತು. ಬಾಗಿಲ ಹತ್ತಿರ ಇವರು ಎಂದಿನಂತೆ, “ಕೊಡು ಇಲ್ಲಿ,” ಎಂದು ಕೈ ಚಾಚಿದರು.

ಕೊಡಲಿಲ್ಲ.

ಬೆರಳು ಇನ್ನೂ ನೋಯುತ್ತಿದೆ. ನಾಳೆ ಹೂಂ ಅಂದುಬಿಟ್ಟು, ಜನವರಿಯ ಚಳಿಗೆ ನಾನೇ ಆ ಲೀಶನ್ನು ಇವರ ಕೈಗೆ ಕೊಡಬೇಕಾಗಿ ಬಂದರೆ ಏನು ಮಾಡಲಿ?