ಐದರ ಕೆಳಗೆ ನಾಲ್ಕು

ತಾಗಂತ್, ತಿಮಿಮೂನ್ ಬಳಿ
೧೪ ಅಕ್ಟೋಬರ್ ೧೯೭೪

ಪ್ರೀತಿಯ ಅಪ್ಪಾ,

ನಿಮ್ಮ ಸೊಂಟನೋವು ಹೇಗಿದೆ? ಓರಾನ್ ಬಂದರಿನಲ್ಲಿ ಇನ್ನೂ ಗೋಧಿ ಮೂಟೆಯನ್ನೇ ಹೊರಿಸುತ್ತಿದ್ದಾರೆಯೇ, ಇಲ್ಲವೇ ಮೇಸ್ತ್ರಿ ಹೇಳಿದ ಹಾಗೆ ಹಗುರ ಕೆಲಸಕ್ಕೆ ಹಾಕಿದನೇ? ಅಮ್ಮ ಚೆನ್ನಾಗಿದ್ದಾಳೆ. ಖರ್ಜೂರದ ಗೊನೆಗಳನ್ನು ಇಳಿಸಿ ಮುಗಿಯಿತು. ಅವಳು ನಿಮಗೆಂದು ಒಂದು ಬುಟ್ಟಿ ತೆಗೆದಿಟ್ಟು, ನನಗೂ ಮುಟ್ಟಲು ಬಿಡುತ್ತಿಲ್ಲ.

ಊರಿನ ಸುದ್ದಿಯೆಂದರೆ ನೀರಿನದು. ಬೇಸಿಗೆಯಲ್ಲಿ ನೀರಿನ ಸುರಂಗ ಒಂದು ಕಡೆ ಕುಸಿಯಿತು. ಎಂಬಾರೆಕ್ ಅಜ್ಜ ತಮ್ಮ ಬೆರಳಗಲದ ತೂತುಗಳ ತಾಮ್ರದ ಫಲಕ ಹಿಡಿದು ಅಳೆದಾಗ, ಆರು ಮನೆಗಳಿಗೆ ಹಂಚುತ್ತಿದ್ದ ಅರವತ್ತು ಬೆರಳು ನೀರು ನಲವತ್ತೆಂಟಕ್ಕೆ ಇಳಿದಿತ್ತು. ಈ ತಿಂಗಳ ನಾಲ್ಕರಂದು, ಶುಕ್ರವಾರದ ನಮಾಜು ಮುಗಿಸಿ ಎಲ್ಲರೂ ನೀರು ಕವಲೊಡೆಯುವ ಕಲ್ಲಿನ ಹತ್ತಿರ ಸೇರಿದೆವು. ನಾನು ಎದ್ದು, ಸಮಾನತೆ ಎಂದರೆ ಎಲ್ಲರೂ ಒಂದೇ ಅಳತೆಯಲ್ಲಿ ಬಿಟ್ಟುಕೊಡುವುದು, ಮನೆಗೆ ಎರಡು ಬೆರಳು ಎಂದೆ. ಸರ್ಕಾರದ ಭೂಸುಧಾರಣೆ ಕರಪತ್ರದಿಂದ ನಾಲ್ಕು ಸಾಲನ್ನೂ ಓದಿದೆ. ಬಾಹೂಸ್ ಚಿಕ್ಕಪ್ಪ ನನ್ನ ಬೆನ್ನು ತಟ್ಟಿದರು. ಹೆಚ್ಚು ನೀರಿದ್ದವರೇ ಮೊದಲು ಒಪ್ಪಿಕೊಂಡರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಗಂಡನಿಲ್ಲದ ಜೊಹ್ರಾ ಅತ್ತೆ ಮಾತ್ರ ಹೋಗುವಾಗ, "ನಿನ್ನ ಸಮಾನತೆ ನೀನೇ ಇಟ್ಕೊ ಮಗಾ, ನನ್ನ ಬಾರ್ಲಿಗೆ ನೀರು ಬಿಡು" ಎಂದಳು. ಓದು ಬಾರದವಳು ಎಂದುಕೊಂಡೆ.

ಮರುದಿನ ಶಾಲೆಯಲ್ಲಿ ನಾನು ಐದನೇ ತರಗತಿಗೆ ಮಾಡಬೇಕಿದ್ದದ್ದು ಶೇಕಡಾ ಪಾಠ. ಎರಡು ಸಾಲಿನ ಅನುಪಾತ ಕೋಷ್ಟಕ ಹಾಕಿ ನಮ್ಮ ನೀರನ್ನೇ ಲೆಕ್ಕಕ್ಕೆ ಕೊಟ್ಟೆ: ಮೇಲಿನ ಸಾಲಿನಲ್ಲಿ ಹಳೆಯ ನೀರು, ಕೆಳಗೆ ಈಗಿನದು. ಅರವತ್ತರ ಕೆಳಗೆ ನಲವತ್ತೆಂಟು. ಎರಡನ್ನೂ ಆರರಿಂದ ಭಾಗಿಸಿದರೆ ಹತ್ತರ ಕೆಳಗೆ ಎಂಟು. ಹತ್ತುಪಟ್ಟು ಮಾಡಿದರೆ ನೂರರ ಕೆಳಗೆ ಎಂಬತ್ತು. ಅಂದರೆ ಹೋದದ್ದು ಶೇಕಡಾ ಇಪ್ಪತ್ತು. ಹತ್ತನ್ನು ಅರ್ಧ ಮಾಡಿ ಐದರ ಕೆಳಗೆ ನಾಲ್ಕು ಬರೆದು, ಅಲ್ಲಿಗೇ ನಿಲ್ಲಿಸಿದೆ. ಜೊಹ್ರಾ ಅತ್ತೆಗೆ ಇದ್ದದ್ದು ಐದು ಬೆರಳು, ನಾನು ಉಳಿಸಿದ್ದು ಮೂರು. ಅಷ್ಟು ನೀರು ಅವಳ ಕಾಲುವೆಯ ಕೊನೆ ಮುಟ್ಟುವ ಮೊದಲೇ ಮರಳಿಗೆ ಇಂಗುತ್ತದೆ. ಹತ್ತನ್ನು ಇಮ್ಮಡಿ ಮಾಡಿದೆ. ಇಪ್ಪತ್ತರ ಕೆಳಗೆ ಹದಿನಾರು ಬಂತು. ನಮ್ಮ ಪಾಲು ಇಪ್ಪತ್ತು, ನಾನು ನಮಗೆ ಉಳಿಸಿಕೊಂಡದ್ದು ಹದಿನೆಂಟು. ಸಮಾನತೆಯ ಹೆಸರಿನಲ್ಲಿ ಊರಿನ ಎರಡು ಬೆರಳು ನೀರನ್ನು ನಮ್ಮ ತೋಟಕ್ಕೆ ತಿರುಗಿಸಿದ್ದೆ.

ಸಂಜೆ ಎಂಬಾರೆಕ್ ಅಜ್ಜನ ಮನೆಗೆ ಹೋದೆ. ಅವರಿಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದರೆ, "ನೀನು ಓದ್ತಾ ಇದ್ದೆಯಲ್ಲಪ್ಪ, ಮಧ್ಯೆ ಬಾಯಿ ಹಾಕೋದು ಯಾಕೆ ಅಂತ" ಎಂದರು.

ಮೊನ್ನೆ ಶುಕ್ರವಾರ ಅದೇ ಕೋಷ್ಟಕವನ್ನು ಮರಳಿನ ಮೇಲೆ ಬರೆದು, ನನ್ನದು ತಪ್ಪು ಎಂದು ಎಲ್ಲರೆದುರು ಹೇಳಿದೆ. ಚಿಕ್ಕಪ್ಪ ಚಪ್ಪಲಿಯಿಂದ ಹದಿನಾರನ್ನು ಅಳಿಸಿದರು. "ಪಾಲು ನಿಮ್ಮಪ್ಪನ ಹೆಸರಲ್ಲಿದೆ ಕಣೋ. ಅಲ್ಲಿ ಅವನ ಬೆನ್ನು ಮುರೀತಾ ಇದೆ, ಇಲ್ಲಿ ನೀನು ಅವನ ನೀರು ದಾನ ಮಾಡ್ತೀಯ?" ಎಂದರು. ದಾನವಲ್ಲ, ಲೆಕ್ಕ ಎಂದೆ. ದೊಡ್ಡ ಪಾಲಿನವರು ಒಪ್ಪಿದರೆ ತಾವೂ ಒಪ್ಪುವುದಾಗಿ ಉಳಿದವರು ಹೇಳಿದರು. ದೊಡ್ಡ ಪಾಲು ನಿಮ್ಮದೇ. ನಿಮ್ಮ ಮಾತು ಬರುವವರೆಗೆ ಕಲ್ಲು ಮುಟ್ಟುವುದಿಲ್ಲ ಎಂದು ಎಂಬಾರೆಕ್ ಅಜ್ಜ ಎದ್ದುಬಿಟ್ಟರು.

ಅಮ್ಮ ಸಲಾಂ ಹೇಳಿದ್ದಾಳೆ. ಸೊಂಟಕ್ಕೆ ಬಿಸಿ ಮರಳಿನ ಶಾಖ ಕೊಡಬೇಕಂತೆ. ನಿಮಗೆ ಅಲ್ಲಾಹನು ಆರೋಗ್ಯ ಕೊಡಲಿ.

ನಿಮ್ಮ ಕೈಗೆ ಮುತ್ತಿಡುವ,
ಬೆಲ್ಖೀರ್

ಮರೆತ ಮಾತು: ಬಾರ್ಲಿ ನಿಮ್ಮ ಉತ್ತರಕ್ಕೆ ಕಾಯುವ ಹಾಗಿರಲಿಲ್ಲ. ಕೋಷ್ಟಕ ಹಾಕಿದ ದಿನವೇ ನಿಮಗೆ ಬರೆದಿದ್ದೆ, ನಿಮ್ಮ ಒಪ್ಪಿಗೆಯ ಪತ್ರ ಬಂದಿದೆ ಎಂದು ನಿನ್ನೆ ಎಂಬಾರೆಕ್ ಅಜ್ಜನಿಗೆ ಹೇಳಿಬಿಟ್ಟೆ. ಇಂದು ಬೆಳಿಗ್ಗೆ ಜೇಡಿಮಣ್ಣು ಮೆತ್ತಿ ಕಲ್ಲಿನಲ್ಲಿ ನಮ್ಮ ಕಾಲುವೆಯ ಬಾಯಿಯನ್ನು ಹದಿನಾರಕ್ಕೆ ಕಿರಿದು ಮಾಡಿದರು. ಪತ್ರ ತೋರಿಸು ಎಂದು ಚಿಕ್ಕಪ್ಪ ಕುಳಿತಿದ್ದಾರೆ. ದಯವಿಟ್ಟು ಅದನ್ನು ಬರೆದು ಕಳುಹಿಸಿ, ಅಪ್ಪಾ. ತಾರೀಕು ಹತ್ತು ಎಂದು ಹಾಕಿ.