ಹಡಗಿನ ಗಂಟೆ, ಊರಿನ ಗಂಟೆ

ಹಡಗಿನ ಮೇಲಿಂದ
ನವೆಂಬರ್ 12, 2018

ಮುದ್ದು ಹೂನ್,

ಊರೂರಿಂದ ಎರಡು ಸಾಲಾದರೂ ಬರೆಯಬೇಕು ಅಂತ ಸಿಂಗಪುರದ ಬಂದರಿನಲ್ಲಿ ನೀನು ನನ್ನ ಕೈ ಹಿಡಿದು ಹೇಳಿದ್ದೆ. ನಾಲ್ಕು ದಿನ ತಡವಾಯಿತು, ಬಯ್ಯಬೇಡ. ಬರೆಯಲು ಜಾಗ ಎಲ್ಲಿದೆ? ನೀನೂ ಅಳಿಯಂದಿರೂ ಅಷ್ಟು ಪ್ರೀತಿಯಿಂದ ಕೊಡಿಸಿದ ಈ ಕೋಣೆಯಲ್ಲಿ ಎರಡು ಹಾಸಿಗೆ, ಒಂದೇ ಮೇಜು. ಮೇಜಿನ ತುಂಬ ನಿಮ್ಮತ್ತೆಯ ಮುಲಾಮು, ಮಾತ್ರೆ ಡಬ್ಬಿ, ಫೋನಿನ ಚಾರ್ಜರು. ಈಗ ಅವರು ಮೇಲಿನ ಅಂತಸ್ತಿಗೆ ಕೈಕಾಲು ಬೀಸುವ ವ್ಯಾಯಾಮಕ್ಕೆ ಹೋಗಿದ್ದಾರೆ. ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ.

ಇಬ್ಬರು ಬೀಗಿತ್ತಿಯರನ್ನು ಒಂದೇ ಕೋಣೆಗೆ ಹಾಕುವ ಯೋಚನೆ ಯಾರದು? ಅಳಿಯಂದಿರದು ಅಂತ ಸುಳ್ಳಾದರೂ ಹೇಳು. ಮೂವತ್ತು ವರ್ಷ ಪೆನಾಂಗಿನ ಬಿಸಿಲಲ್ಲಿ ನೂಡಲ್ಸ್ ಗಾಡಿ ಮುಂದೆ ನಿಂತವಳು ನಾನು, ಉರಿ ನನಗೆ ಹೊಸದಲ್ಲ. ಆದರೂ ಇಲ್ಲಿ ಮೈ ಉರಿಯುತ್ತದೆ. ಮುಚ್ಚಿಟ್ಟು ಏನಾಗಬೇಕು, ಹೊಟ್ಟೆಕಿಚ್ಚೇ. ಬೆಳಿಗ್ಗೆ ಎದ್ದು ಟವೆಲ್ ಮಡಿಸುತ್ತ, "ಹೂನ್‌ಗೆ ಹೀಗೆ ಮಡಿಸಿದ್ರೆ ಇಷ್ಟ" ಅನ್ನುತ್ತಾರೆ. ತಿಂಡಿಗೆ ಕೂತರೆ, "ಹೂನ್‌ಗೆ ಮೊಟ್ಟೆ ಅರೆ ಬೆಂದಿರಬೇಕು, ಗೊತ್ತಲ್ಲ ಬೀಗಿತ್ತಿ?" ಇಪ್ಪತ್ತಾರು ವರ್ಷ ನಿನಗೆ ಮೊಟ್ಟೆ ಬೇಯಿಸಿದವಳಿಗೆ ಪಾಠ!

ನಿನ್ನೆ ಬ್ಯಾಂಕಾಕ್ ನೋಡಿದೆವು. ನೋಡಿದೆವು ಅಂದರೆ ಬೆಳಿಗ್ಗೆ ಇಳಿಸಿ ಸಂಜೆಗೆ ಹತ್ತಿಸಿಕೊಂಡರು. ಎದೆಗೆ ಹದಿನೇಳು ಅಂತ ಹಳದಿ ಚೀಟಿ ಅಂಟಿಸಿ, ಬಾವುಟ ಹಿಡಿದ ಹೆಂಗಸಿನ ಹಿಂದೆ ಓಡಿಸಿದರು. ಮಲಗಿದ ಬುದ್ಧ ಎಷ್ಟು ಉದ್ದ ಅಂದರೆ, ಪಾದದ ಹತ್ತಿರ ಬರುವಷ್ಟರಲ್ಲಿ ಮುಖ ಹೇಗಿತ್ತು ಅನ್ನುವುದೇ ಮರೆತಿತ್ತು. ಅಷ್ಟುದ್ದದ ದೇವರಿಗೆ ಇಪ್ಪತ್ತೇ ನಿಮಿಷ. ಆಮೇಲೆ ದೋಣಿಯಲ್ಲಿ ಹೊಳೆ ದಾಟಿಸಿ ಆಚೆ ದಡದ ಗುಡಿಗೆ ಕರೆದುಕೊಂಡು ಹೋದರು. ಅಲ್ಲಿ ಮೆಟ್ಟಿಲು ಗೋಡೆ ಹತ್ತಿದ ಹಾಗೆ ಕಡಿದು. ನನ್ನ ಮಂಡಿ ಮೂರನೇ ಮೆಟ್ಟಿಲಿಗೇ ಕೈಕೊಟ್ಟಿತು. ನಿಮ್ಮತ್ತೆ, ಅರವತ್ತೆಂಟು ವರ್ಷದವರು, ಸರಸರ ಹತ್ತಿ ಮೇಲಿಂದ ಕೈ ಬೀಸಿದರು. "ಬೀಗಿತ್ತೀ, ಒಂದು ಫೋಟೋ ತೆಗೀರಿ, ಹೂನ್‌ಗೆ ಕಳಿಸ್ತೀನಿ!" ತಲೆ ಬರದ ಹಾಗೆ ತೆಗೆದೆ.

ಗುಡಿಯಲ್ಲಿ ಭಿಕ್ಷುವಿನ ಹತ್ತಿರ ಮಂತ್ರಿಸಿದ ಬಿಳಿ ದಾರ ಕೇಳಿದರು. ಒಂದು ನಿನಗೆ, ಒಂದು ಅವರ ಮಗ ವೀ ಕಿಯಾಟ್‌ಗೆ. ಮೂರನೆಯದನ್ನು ಕಾಗದದಲ್ಲಿ ಸುತ್ತಿ ಚೀಲದ ಒಳಗೆ ಇಟ್ಟುಕೊಂಡರು. "ಅದು ಯಾರಿಗೆ?" ಅಂದೆ. ಕೇಳಿಸದವರ ಹಾಗೆ ಹೊಳೆ ನೋಡುತ್ತ ನಿಂತರು. ನನಗಂತೂ ಅಲ್ಲ, ಅದು ಖಾತ್ರಿ.

ಬಸ್ಸಿನಲ್ಲಿ ನಿನ್ನ ಫೋನು ಬಂತು, ಅವರಿಗೆ. ಅವರ ಫೋನು ಎಲ್ಲ ದೇಶದಲ್ಲೂ ಮಾತಾಡುತ್ತದೆ, ನನ್ನದು ಪೆನಾಂಗ್ ಬಿಟ್ಟರೆ ಮೂಗಿ, ಒಪ್ಪಿದೆ. ಆದರೂ "ಅತ್ತೇ, ಕಾಲು ನೋವು ಹೇಗಿದೆ?" ಅಂತ ಕೇಳಿದೆಯಲ್ಲ, ಮೆಟ್ಟಿಲು ಹತ್ತಿದ ಆ ಕಾಲುಗಳನ್ನು? ನನ್ನ ಕೈಗೆ ಫೋನು ಬಂದಾಗ "ಅಮ್ಮ, ಊಟ ಆಯ್ತಾ?" ಅಂದೆ, ಲೈನು ಹೋಯಿತು.

ಅವರು ಬರುವ ಸದ್ದಾಯಿತು. ಮೈ ನೋಡಿಕೋ.

ನಿನ್ನ ಅಮ್ಮ,
ಗೈಕ್ ಸಿಮ್


ಹಡಗಿನ ಮೇಲಿಂದ
ನವೆಂಬರ್ 15

ಹೂನ್,

ಮೊದಲಿನ ಕಾಗದವನ್ನು ಸೈಗಾನಿನ ದೊಡ್ಡ ಅಂಚೆ ಕಚೇರಿಯಲ್ಲಿ ಹಾಕಿದೆ. ರೈಲು ನಿಲ್ದಾಣದಂಥ ಕಮಾನಿನ ಕಟ್ಟಡ, ಚೀಟಿ ಬರೆಯುವವರಿಗಿಂತ ಫೋಟೋ ತೆಗೆಯುವವರೇ ಹೆಚ್ಚು. "ಯಾರಿಗೆ ಕಾಗದ?" ಅಂತ ನಿಮ್ಮತ್ತೆ ಕೇಳಿದರು. "ಗಾಡಿ ಲೈಸೆನ್ಸಿನ ವಿಷಯ" ಅಂದೆ.

ನಮ್ಮದು ಸಣ್ಣ ಹಡಗಾದ್ದರಿಂದ ನದಿಯಲ್ಲಿ ಊರೊಳಗೇ ಬಂದು ನಿಂತಿತ್ತು. ಬಾವುಟದ ಹೆಂಗಸಿಲ್ಲದೆ ನಾವೇ ಹೊರಟೆವು. ಊರಿನ ದೊಡ್ಡ ಇಗರ್ಜಿಗೆ ರಿಪೇರಿ, ಸುತ್ತ ತಗಡು. ತಗಡನ್ನೇ ನೋಡಿಕೊಂಡು ಬಂದು ಒಂದು ಬೀದಿ ಅಂಗಡಿಯಲ್ಲಿ ನೂಡಲ್ಸ್ ಸಾರಿಗೆ ಕೂತೆವು. ಸಾರು ನನ್ನದಕ್ಕಿಂತ ಚೆನ್ನಾಗಿತ್ತು. ಅದೇ ಬೇಜಾರಿನಲ್ಲಿದ್ದೆ. ಆಗ ನಿಮ್ಮತ್ತೆ ತಿನ್ನುವ ಕಡ್ಡಿ ಕೆಳಗಿಟ್ಟರು.

"ಬೀಗಿತ್ತಿ, ಕೋಪ ಮಾಡ್ಕೋಬೇಡಿ. ಹೂನ್‌ಗೆ ಮೂರು ತಿಂಗಳು ತುಂಬ್ತು."

"ಏನು ಮೂರು ತಿಂಗಳು?"

"ಏನು ಅಂದ್ರೆ? ನಾವಿಬ್ರೂ ಅಜ್ಜಿ ಆಗ್ತಿದೀವಿ."

ನನ್ನ ಮೊದಲ ಮಾತು ಏನಾಗಿರಬೇಕಿತ್ತು? ದೇವರು ದೊಡ್ಡವನು ಅನ್ನಬೇಕಿತ್ತು, ಅಳಬೇಕಿತ್ತು. ನಾನು ಕೇಳಿದ್ದು, "ನಿಮಗೆ ಯಾವಾಗ ಗೊತ್ತಾಯ್ತು?"

"ಒಂದೇ ಮನೇಲಿದೀವಲ್ಲ. ಆರನೇ ವಾರದಿಂದ್ಲೇ ವಾಂತಿ, ನಾನೇ ಬೆನ್ನು ಸವರ್ತಿದ್ದೆ. ಮೂರು ತಿಂಗಳು ತುಂಬೋವರ್ಗೂ ಹೊರಗಿನವ್ರ ಹತ್ರ ಬಾಯಿಬಿಡಬಾರ್ದು ಅಲ್ವಾ?"

ಹೊರಗಿನವರು. ನಾನು.

ಅಷ್ಟಕ್ಕೇ ನಿಲ್ಲಲಿಲ್ಲ. ಬಾಣಂತನದ ಒಂದು ತಿಂಗಳು ಅವರ ಮನೆಯಲ್ಲೇ, ಅವರ ಕೈಯಲ್ಲೇ ಆಗಬೇಕಂತೆ. ನನ್ನ ಹತ್ತಿರ ಹೇಳಲು ನಿನಗೆ ಧೈರ್ಯ ಸಾಲಲಿಲ್ಲವಂತೆ. "ಅತ್ತೇ, ಹಡಗಲ್ಲಿ ಸಮಯ ನೋಡಿ ನೀವೇ ಹೇಳಿ" ಅಂದೆಯಂತೆ. ಈ ಹಡಗು ಯಾಕೆ, ಒಂದೇ ಕೋಣೆ ಯಾಕೆ ಅಂತ ಆಗ ಗೊತ್ತಾಯಿತು. ನಾನು ಎದ್ದು ಮನೆಗೆ ಹೋಗಲಾಗದ ಜಾಗ ನೋಡಿ ಹೇಳಿಸಿದ್ದೀಯ, ಜಾಣೆ.

"ನಮ್ಮ ಪೆನಾಂಗಿನ ಮನೆಗಳಲ್ಲಿ ಹೆತ್ತವಳೇ ಬಾಣಂತನ ಮಾಡೋದು" ಅಂದೆ.

"ನಮ್ಮ ಮನೆಗಳಲ್ಲಿ ಸೊಸೆ ಆ ತಿಂಗಳು ಹೊಸಿಲು ದಾಟೋ ಹಾಗಿಲ್ಲ."

"ಪಥ್ಯದ ಅಡುಗೆ ನಾನು ಮಾಡ್ತೀನಿ. ಅಡುಗೇಲೇ ಬದುಕಿದವಳು ನಾನು."

"ನಿಮ್ಮದು ಗಾಡಿ ಅಡುಗೆ ಬೀಗಿತ್ತಿ, ಐದು ನಿಮಿಷದ್ದು. ಬಾಣಂತಿ ಕೋಳಿ ಸಾರು ಹಾಗಲ್ಲ. ಶುಂಠಿ ಎಳ್ಳೆಣ್ಣೇಲಿ ಬಾಡಬೇಕು, ಅಕ್ಕಿ ಹೆಂಡ ಹಾಕಿ ಮಧ್ಯಾಹ್ನವೆಲ್ಲ ಕುದೀಬೇಕು. ನೀವು ಕುಡಿದಿಲ್ವಾ?"

ನಾನು ಬಟ್ಟಲೆತ್ತಿ ಉಳಿದ ಸಾರು ಕುಡಿದೆ. ಅವರಿಗೆ ಮಾರುಕಟ್ಟೆಯಲ್ಲಿ ಮಗುವಿಗೆ ಮೆತ್ತನೆ ಹತ್ತಿಬಟ್ಟೆ ಕೊಳ್ಳಬೇಕಿತ್ತು. ನನಗೆ ಮಂಡಿ ನೋವು ಅಂದೆ. "ಹಡಗು ಹತ್ತೋದು ನಾಲ್ಕೂವರೆಗೆ ತಾನೇ? ನಾನು ನಾಲ್ಕಕ್ಕೆಲ್ಲ ಬಂದ್ಬಿಡ್ತೀನಿ" ಅಂತ ಫೋನಿನಲ್ಲಿ ಗಂಟೆ ನೋಡಿಕೊಂಡು ಹೋದರು. ಅವರ ಫೋನು ಸೈಗಾನಿನ ಗಂಟೆ ತೋರಿಸುತ್ತಿತ್ತು. ಹಡಗು ಮಾತ್ರ ಸಿಂಗಪುರದ ಗಂಟೆಯಲ್ಲೇ ನಡೆಯುತ್ತದೆ, ಒಂದು ಗಂಟೆ ಮುಂದೆ. ಪಾಪ, ಅವರಿಗೆ ಗೊತ್ತಾಗಲಿಲ್ಲ.

ಹಡಗಿನ ನಾಲ್ಕೂವರೆಗೆ ಬರಲಿಲ್ಲ. ನಾಲ್ಕೂ ಮುಕ್ಕಾಲಿಗೆ ಮೈಕಿನಲ್ಲಿ ಅವರ ಹೆಸರು ಕೂಗಿದರು, "ಮೇಡಂ ಕ್ವೆಕ್ ಮುಯ್ ಹಿಯಾಂಗ್, ಮೇಡಂ ಕ್ವೆಕ್." ಕೆಳಗೆ ಓಡಿದೆ, ಮಂಡಿ ನೋವು ಎಲ್ಲಿ ಹೋಯಿತೋ. ಏಣಿ ಎಳೆದುಕೊಳ್ಳಲು ಹಗ್ಗ ಬಿಚ್ಚುತ್ತಿದ್ದರು. ನಾನು ಏಣಿಯ ಮೇಲೆ ಒಂದು ಕಾಲಿಟ್ಟು ನಿಂತುಬಿಟ್ಟೆ.

"ಅಮ್ಮಾ, ಒಳಗೆ ಬನ್ನಿ, ಹಡಗು ಹೊರಡ್ಬೇಕು" ಅಂತ ಕಾವಲಿನ ಅಧಿಕಾರಿ ಕೈಮುಗಿದ.

"ನನ್ನ ಬೀಗಿತ್ತಿ ಬರೋವರ್ಗೂ ಕಾಲು ತೆಗೆಯಲ್ಲ. ಬೇಕಾದ್ರೆ ಕಾಲಿನ ಸಮೇತ ಎಳ್ಕೋ."

ಐದಕ್ಕೆ ಹಡಗು ಕೂಗಿತು. ಅಷ್ಟರಲ್ಲಿ ಬಂದರಿನ ಗೇಟಿನಿಂದ ಒಂದು ಮೋಟಾರ್ ಸೈಕಲ್. ಹಿಂದೆ ನಿಮ್ಮತ್ತೆ, ತಲೆಗೆ ದೊಡ್ಡ ಹೆಲ್ಮೆಟ್, ತೊಡೆಯ ಮೇಲೆ ಬಟ್ಟೆ ಗಂಟು, ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಹಡಗಿನ ಕೂಗು ಕೇಳಿದ ಗಾಬರಿಗೆ ಹೆಲ್ಮೆಟ್ ಹಾಕಿಕೊಂಡೇ ಏಣಿ ಹತ್ತಿದರು. ಪಾಪ ಆ ಸವಾರ ಕೆಳಗೆ ನಿಂತು ಕಿರುಚುತ್ತಿದ್ದ, ಬಿಚ್ಚಿ ಎಸೆದೆವು.

ಆಮೇಲೆ ನನ್ನ ಕೊರಳು ತಬ್ಬಿಕೊಂಡು ಅತ್ತರು. ಊಟದ ಮೇಜಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನಮ್ಮ ಬೀಗಿತ್ತಿ ಒಂದೇ ಕಾಲಲ್ಲಿ ಹಡಗು ನಿಲ್ಲಿಸಿದ್ರು" ಅನ್ನುತ್ತಿದ್ದಾರೆ. ಎಲ್ಲರೂ ಹೊಗಳುತ್ತಿದ್ದಾರೆ. ನನಗೆ ಅನ್ನ ಸೇರುತ್ತಿಲ್ಲ.

ನಿನ್ನ ಅಮ್ಮ


ಹಾಂಗ್‌ಕಾಂಗ್
ನವೆಂಬರ್ 18

ನನ್ನ ಹೂನ್,

ಬೆಳಿಗ್ಗೆಯೇ ಹಡಗು ಖಾಲಿ ಮಾಡಿಸಿದರು. ವಿಮಾನ ಸಂಜೆಗೆ. ನಡುವೆ ಸಿಕ್ಕ ಹೊತ್ತಿನಲ್ಲಿ ಹಾಂಗ್‌ಕಾಂಗ್ ನೋಡಿ ಮುಗಿಸಬೇಕು. ಟ್ರಾಮಿನಲ್ಲಿ ಗುಡ್ಡದ ತುದಿಗೆ ಹೋದೆವು. ಮೇಲೆ ಬರೀ ಮಂಜು, ಪಕ್ಕದಲ್ಲಿದ್ದ ನಿಮ್ಮತ್ತೆಯೇ ಕಾಣಿಸಲಿಲ್ಲ. ಒಂದು ವಾರದ ಹಿಂದಾಗಿದ್ದರೆ ಖುಷಿಪಡುತ್ತಿದ್ದೆ. ಈಗ ಅವರು ನಿನಗೆ ಮೊಟ್ಟೆಯ ಸಿಹಿ ತಿನಿಸು ಕೊಳ್ಳಲು ಸಾಲಿನಲ್ಲಿ ನಿಂತಿದ್ದಾರೆ, ನಾನು ಚಹದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಹಿಂದಿನ ಕಾಗದದಲ್ಲಿ ಒಂದು ವಿಷಯ ನುಂಗಿಕೊಂಡಿದ್ದೆ. ಹಡಗಿನ ಗಂಟೆಯ ಸಂಗತಿ ನನಗೆ ಮೊದಲ ದಿನದಿಂದ ಗೊತ್ತಿತ್ತು. ನಮ್ಮ ಕೋಣೆ ಗುಡಿಸುವ ರೆನಾತೊ, ನನ್ನ ಹಾಗೇ ತಲೆ ನರೆತವನು, ನಿನ್ನ ಅಪ್ಪನ ಕೈಗಡಿಯಾರ ನನ್ನ ಕೈಯಲ್ಲಿ ನೋಡಿ, "ಇದನ್ನ ಮುಟ್ಟಬೇಡಿ ಅಮ್ಮ, ಸಿಂಗಪುರದ ಗಂಟೇನೇ ಇರ್ಲಿ. ಊರಿನ ಗಂಟೆ ನಂಬಿದವ್ರು ಬಂದರಲ್ಲೇ ಉಳೀತಾರೆ" ಅಂದಿದ್ದ. ಆಗ ನಿಮ್ಮತ್ತೆ ಸ್ನಾನಕ್ಕೆ ಹೋಗಿದ್ದರು. ಸೈಗಾನಿನಲ್ಲಿ ಅವರು ಫೋನು ನೋಡಿದಾಗ ನಾನೂ ಇಣುಕಿದೆ. ಒಂದು ಗಂಟೆ ಹಿಂದಿತ್ತು. ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. ಅವರಿಲ್ಲದ ಒಂದು ಸಂಜೆ ಬೇಕಿತ್ತು ನನಗೆ, ಅವರು ಎಲ್ಲದರಲ್ಲೂ ನನಗಿಂತ ಮುಂದಿರುವುದು ಒಂದು ಸಲವಾದರೂ ತಪ್ಪಬೇಕಿತ್ತು. ಪಾಸ್‌ಪೋರ್ಟನ್ನು ಹಡಗಿನಲ್ಲೇ ಬಿಟ್ಟ ಮುದುಕಿ, ಗೊತ್ತಿಲ್ಲದ ಊರು. ಅದನ್ನು ಯೋಚಿಸಲೇ ಇಲ್ಲ, ಮೈಕಿನಲ್ಲಿ ಹೆಸರು ಕೂಗುವವರೆಗೂ.

ಇವತ್ತು ಬೆಳಿಗ್ಗೆ ಫೆರಿಯಲ್ಲಿ ಕೊಲ್ಲಿ ದಾಟುವಾಗ ಪಕ್ಕಪಕ್ಕ ಕೂತಿದ್ದೆವು. ಅವರು ನನ್ನ ಕೈಗಡಿಯಾರ ಮುಟ್ಟಿ, "ಇದು ಅವತ್ತು ಸರಿಯಾಗೇ ಇತ್ತು ಅಲ್ವಾ?" ಅಂದರು.

"ಇತ್ತು" ಅಂದೆ.

ಫೆರಿ ಆಚೆ ದಡ ಮುಟ್ಟಿತು. ಜನ ಇಳಿಯತೊಡಗಿದಾಗ ಹೇಳಿದರು, "ಅವಳು ನಿಮ್ಮ ಹತ್ರ ಫೋನಲ್ಲಿ ನಗೋ ಹಾಗೆ ನಮ್ಮನೇಲಿ ಒಂದಿನ ನಕ್ಕಿಲ್ಲ, ಗೊತ್ತಾ? ಬಾಗಿಲ ಹಿಂದೆ ನಿಂತು ಕೇಳಿಸ್ಕೋತೀನಿ. ಸಮಯ ಸಿಕ್ಕಿದ್ರೆ ನಾನೂ ಹಾಗೇ ಮಾಡ್ತಿದ್ನೋ ಏನೋ. ಆದ್ರೆ ಏಣಿ ಮೇಲೆ ಕಾಲಿಟ್ಟು ನಿಲ್ತಿದ್ನಾ ಅನ್ನೋದು ಗೊತ್ತಿಲ್ಲ."

"ಬಾಣಂತನ ನೀವೇ ಮಾಡಿ" ಅಂದೆ.

"ನೀವೂ ಬನ್ನಿ. ಒಂದೇ ಕೋಣೇಲಿ ಜಗಳ ಆಡೋದು ಅಭ್ಯಾಸ ಆಯ್ತಲ್ಲ."

ಮೂರನೇ ಬಿಳಿ ದಾರವನ್ನು ನನ್ನ ಕೈಗೆ ಕೊಟ್ಟರು. ಮಗು ಹುಟ್ಟಿದ ದಿನ ಅದರ ಕೈಗೆ ನಾನೇ ಕಟ್ಟಬೇಕಂತೆ. ಆಮೇಲೆ ದಾರಿಯಲ್ಲಿ, "ನಿಮ್ಮ ಬಾಣಂತನ ಯಾರು ಮಾಡಿದ್ರು ಬೀಗಿತ್ತಿ?" ಅಂತ ಕೇಳಿದರು. "ನಮ್ಮತ್ತೆ. ಮೂವತ್ತು ದಿನ ನೆಲಕ್ಕೆ ಕಾಲಿಡೋಕೆ ಬಿಡ್ಲಿಲ್ಲ" ಅಂದೆ. ತಲೆದೂಗಿದರು.

ಗಾಡಿಯನ್ನು ಒಂದು ತಿಂಗಳು ಮುಚ್ಚಿ ಬರುತ್ತೇನೆ. ಭಾರ ಎತ್ತಬೇಡ, ತಣ್ಣೀರು ಕುಡಿಯಬೇಡ, ನನ್ನ ಬಗ್ಗೆ ಹೆದರಿಕೆ ಇಟ್ಟುಕೊಳ್ಳಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ, ಒಳಗಿರುವ ಜೀವಕ್ಕೆ ನಮ್ಮಿಬ್ಬರ ಆಯುಷ್ಯವೂ ಸೇರಲಿ.

ನಿನ್ನ ಅಮ್ಮ,
ಗೈಕ್ ಸಿಮ್

ಮರೆತ ಮಾತು: ನಿಮ್ಮತ್ತೆಗೆ ನಾನು ಹೇಳಿದ್ದು ಸುಳ್ಳು. ನನ್ನ ಅಮ್ಮ ನನ್ನ ಮದುವೆಗೆ ಮುಂಚೆಯೇ ತೀರಿಹೋಗಿದ್ದಳು. ನಮ್ಮತ್ತೆ ಹೆಣ್ಣು ಮಗು ಅಂತ ಕೇಳಿ ಬಾಗಿಲವರೆಗೆ ಬಂದು ತಿರುಗಿಹೋದರು. ಹನ್ನೆರಡನೇ ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ನಾನು ಗಾಡಿ ಮುಂದೆ ನಿಂತೆ. ನೀನು ಗಾಡಿ ಕೆಳಗೆ, ನೂಡಲ್ಸಿನ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿದ್ದೆ. ಬಾಣಂತಿ ಸಾರಿನ ರುಚಿ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ತಿಂಗಳ ಆರೈಕೆಗೆ ಇಬ್ಬರು ಹೆಂಗಸರು ಕಿತ್ತಾಡುವಷ್ಟು ಪುಣ್ಯ ನಿನಗಿದೆ. ಈ ಹತ್ತು ದಿನ ನನ್ನನ್ನು ಸುಟ್ಟದ್ದು ಅದೇ. ಹೊಟ್ಟೆಕಿಚ್ಚು ನಿನ್ನ ಮೇಲಿತ್ತು, ಮಗಳೇ. ನಾಚಿಕೆಯಾಗುತ್ತದೆ, ಆದರೂ ಹೇಳಿದೆ. ಅವರು ನಿನಗೆ ಸಾರು ಬಡಿಸುವಾಗ ನನಗೂ ಒಂದು ಬಟ್ಟಲು ಬಡಿಸಲು ಹೇಳು. ಯಾಕೆ ಅಂದರೆ, ಉಪ್ಪು ನೋಡಲಿಕ್ಕೆ ಅಂತ ಹೇಳು.